ನಾಲ್ಕು ನಿಮಿಷದ ಮಹಾಯುದ್ಧ

"ಇವತ್ತು ಆ ಫಿರಂಗಿಯ ಸೊಕ್ಕು ಮುರಿಯದೆ ವಾಪಸ್ಸು ಬಂದ್ರೆ ನಾನು ಗಡಿಯಾರ ರಿಪೇರಿಯವನೇ ಅಲ್ಲ!"

ಹೀಗೆ ಶಪಥ ಮಾಡಿ ಸೆಕೆಂಡಪ್ಪ ಹೆಂಡತಿಯೊಡನೆ ಹಳೆಯ ನೌಕಾ ಬಂದರಿಗೆ ಬಂದ. ಸೆಕೆಂಡಪ್ಪ ಎಂಬುದು ಊರವರಿಟ್ಟ ಹೆಸರು. ಒಂದು ಸೆಕೆಂಡು ಆಚೀಚೆಯಾದರೂ ಅವನಿಗೆ ಊಟ ಸೇರದು.

ಬಂದರಿನಲ್ಲಿ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಫಿರಂಗಿ ಹಾರಿಸುತ್ತಾರೆ. ಹಿಂದೆ ಯುದ್ಧನೌಕೆಗಳೇ ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದವಂತೆ. ಮೂವತ್ತು ವರ್ಷ ಅದನ್ನು ಹಾರಿಸಿದವನು ಸೆಕೆಂಡಪ್ಪನ ಜೀವದ ಗೆಳೆಯ. "ನಿನ್ನ ಫಿರಂಗಿ ನಾಲ್ಕು ನಿಮಿಷ ತಡ" ಎಂದು ಇವನು, "ನಿನ್ನ ವಾಚೇ ಮುಂದೆ" ಎಂದು ಅವನು, ಪ್ರತಿ ಭಾನುವಾರ ಜಗಳ. ಎರಡು ತಿಂಗಳ ಹಿಂದೆ ಗೆಳೆಯ ತೀರಿಕೊಂಡ. ಜಗಳ ತೀರಲಿಲ್ಲ.

ಹಿಂದೆ ಹಡಗಿನ ಹಗ್ಗ ಹೊಸೆಯುತ್ತಿದ್ದ ಉದ್ದನೆಯ ಚಾವಡಿ, ಹಡಗು ರಿಪೇರಿಯ ಆಳವಾದ ಹೊಂಡ, ಯಾವುದನ್ನೂ ಸೆಕೆಂಡಪ್ಪ ಕಣ್ಣೆತ್ತಿ ನೋಡಲಿಲ್ಲ.

"ರೀ, ಆ ಲಂಗರು ನೋಡಿ, ಎಷ್ಟು ದೊಡ್ಡದು!"

"ಹನ್ನೊಂದು ಐವತ್ತೆರಡು!"

ಫಿರಂಗಿಯ ಬಳಿ ಜನ ಸೇರಿದ್ದರು. ಅವನ ವಾಚಿನಲ್ಲಿ ಹನ್ನೆರಡಾಯಿತು. ಫಿರಂಗಿ ಗಪ್‌ಚಿಪ್!

"ನೋಡಿ ಮಹಾಜನರೇ! ಇಡೀ ನೌಕಾಪಡೆಗೇ ಮೋಸ! ಈಗ ಹನ್ನೆರಡು!"

ಆ ಗತ್ತಿಗೆ ಬೆರಗಾಗಿ ಹದಿನಾಲ್ಕು ಮಂದಿ ತಮ್ಮ ವಾಚು ತಿರುಗಿಸಿದರು. ಅವರಲ್ಲೊಬ್ಬ ಹನ್ನೆರಡಕ್ಕೆ ಹೊರಡುವ ದೋಣಿಯವನು. ಹನ್ನೆರಡಾಯಿತೆಂದು ಓಡಿಹೋಗಿ ದೋಣಿ ಬಿಟ್ಟೇಬಿಟ್ಟ! ಅರ್ಧ ಪ್ರಯಾಣಿಕರು ದಡದಲ್ಲಿ, ಅವರ ಚೀಲಗಳು ದೋಣಿಯೊಡನೆ ಸಮುದ್ರದಲ್ಲಿ.

ಢಂ! ಆಗ ಹಾರಿತು ಫಿರಂಗಿ.

"ಯಾರ್ರೀ ಅದು ಹನ್ನೆರಡು ಅಂತ ಕೂಗಿದ್ದು?" ಎಂದು ಪ್ರಯಾಣಿಕರು ಮುತ್ತಿಕೊಂಡರು. ದೋಣಿ ಹಿಂದಿರುಗಿತು, ದೋಣಿಯವನ ಬೈಗುಳ ಅದಕ್ಕಿಂತ ಮುಂಚೆಯೇ ದಡ ಮುಟ್ಟಿತು.

ಹೊಸ ಫಿರಂಗಿಯವನು ನಕ್ಕ. "ಯಜಮಾನ್ರೇ, ಖಗೋಳ ವೀಕ್ಷಣಾಲಯದ ಗಡಿಯಾರ ನೋಡ್ಕೊಂಡೇ ನಾವು ಹಾರಿಸೋದು."

"ಹಾಗಾದ್ರೆ ವೀಕ್ಷಣಾಲಯಾನೇ ತಪ್ಪು!"

ಹೆಂಡತಿ ತೋಳು ಜಗ್ಗಿದಳು. "ಸುಮ್ನಿರಿ. ತಪ್ಪು ನಂದು."

"ನಿಂದಾ?"

"ಮದುವೆ ಆದ ಹೊಸದ್ರಲ್ಲಿ ಎಲ್ಲಿಗೆ ಹೊರಟ್ರೂ ನಿಮ್ಮದು ತಡ. ಅದಕ್ಕೆ ನಾನೇ ನಿಮ್ಮ ವಾಚು ನಾಲ್ಕು ನಿಮಿಷ ಮುಂದಿಟ್ಟೆ. ನೀವು ಅಂಗಡೀಲಿದ್ದ ಗಡಿಯಾರನೆಲ್ಲ ಅದಕ್ಕೇ ಹೊಂದಿಸಿಬಿಟ್ರಿ. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

ಸೆಕೆಂಡಪ್ಪ ಕಲ್ಲುಕಟ್ಟೆಯ ಮೇಲೆ ಕುಸಿದು ಕೂತ. ಸೋತೆ ಎನ್ನೋಣವೆಂದರೆ ಕೇಳಬೇಕಾದವನೇ ಇಲ್ಲ.

"ಅವನಿಗಾದ್ರೂ ಒಂದು ಮಾತು ಹೇಳಬಾರದಿತ್ತೇನೇ? ತಾನೇ ಸರಿ ಅಂತ ಗೊತ್ತಾಗದೇ ಹೋದನಲ್ಲೇ!"

"ಹೇಳಿದ್ದೆ. ಇಪ್ಪತ್ತು ವರ್ಷ ಆಯ್ತು."

"ಏನಂದ?"

"'ಅತ್ತಿಗೆ, ಅವನಿಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಭಾನುವಾರ ಜಗಳಕ್ಕೆ ಬರೋದನ್ನೇ ನಿಲ್ಲಿಸಿಬಿಡ್ತಾನೆ' ಅಂದ್ರು."