ಕಪೆಂಬ್ವಾ ಮೇಷ್ಟ್ರು ಈಜು ಕಲಿಸಿದ್ದು

ಸೇಶೆಲ್ಸ್ ದ್ವೀಪಗಳಿಗೆ ಹೋಗುವುದು ಗಟ್ಟಿಯಾದ ದಿನವೇ ಕಪೆಂಬ್ವಾ ಮೇಷ್ಟ್ರು ಚರ್ಚಿನ ಅಂಗಳದಲ್ಲಿ ನಿಂತು ಸಾರಿಬಿಟ್ಟರು: "ನಮ್ಮ ಮದುವೆಯ ಬೆಳ್ಳಿಹಬ್ಬ ಸಮುದ್ರದೊಳಗೇ. ಹೆಂಡ್ತಿಗೆ ಈಜು ನಾನೇ ಕಲಿಸ್ತೀನಿ." ತಮ್ಮೂರು ಲುಸಾಕಾದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಬಲು ದೂರ, ಪರೀಕ್ಷೆ ಮಾಡುವವರು ಯಾರೂ ಇಲ್ಲ ಎಂಬ ಧೈರ್ಯ. ಮೇಷ್ಟ್ರು ಮೊಣಕಾಲು ಮುಳುಗುವ ನೀರಿಗೂ ಇಳಿದವರಲ್ಲ.

ಪಾಠ ಮಂಚದ ಮೇಲೆ ಶುರುವಾಯಿತು. ಹೆಂಡತಿ ಚಿಲೇಶೆ ಬೋರಲು ಮಲಗಿ ಕೈಕಾಲು ಬಡಿದಳು. ಮೇಷ್ಟ್ರು ಕುರ್ಚಿಯಲ್ಲಿ ಕೂತು ತಪ್ಪು ಹುಡುಕಿದರು. ಮಂಚದ ಕಾಲು ಮುರಿದ ಮೇಲೆ ಪಾಠ ನಿಂತಿತು. ಬದಲಿಗೆ ಅವಳು ಶನಿವಾರ ಸಂಜೆ ಮಾಯವಾಗತೊಡಗಿದಳು. ಬರುವಾಗ ಕಣ್ಣು ಕೆಂಪು, ತಲೆವಸ್ತ್ರ ಒದ್ದೆ.

"ಎಲ್ಲಿಗೆ ಹೋಗಿದ್ದೆ?"

"ಸಾವಿನ ಮನೆಗೆ, ಬಾಶಿ ಮಪಾಲೊ," ಎಂದಳು. ಮಗಳು ಮಪಾಲೊ ಹುಟ್ಟಿದಾಗಿನಿಂದ ಗಂಡನನ್ನು 'ಮಪಾಲೊನ ಅಪ್ಪ' ಎಂದೇ ಕರೆಯುವುದು.

"ಕಣ್ಣು ಯಾಕೆ ಕೆಂಪಗಿದೆ?"

"ಅತ್ತೆ."

"ಅತ್ರೆ ತಲೆಯೂ ಒದ್ದೆ ಆಗುತ್ತಾ?"

"ಸತ್ತವರು ಅಷ್ಟು ಒಳ್ಳೆಯವರು."

ಮೇಷ್ಟ್ರಿಗೆ ಅಂದು ನಿದ್ದೆ ಹತ್ತಲಿಲ್ಲ. ಪ್ರತಿ ಶನಿವಾರವೂ ಒಬ್ಬ ಒಳ್ಳೆಯವನು ಸಾಯಲು ಲುಸಾಕಾದಲ್ಲಿ ಅಷ್ಟು ಒಳ್ಳೆಯವರೆಲ್ಲಿದ್ದಾರೆ?

ಮುಂದಿನ ಶನಿವಾರ ಅವಳ ಬೆನ್ನು ಹತ್ತಿದರು. ಅವಳು ನೇರ ಒಂದು ಲಾಡ್ಜಿನೊಳಗೆ ಹೋದಳು. ಮೇಷ್ಟ್ರು ಸುತ್ತಿ ಹಿಂದಕ್ಕೆ ಓಡಿದರು. ಹಿತ್ತಲ ಬೇಲಿಗೆ ಕಿವಿಯಿಟ್ಟರೆ ಅವಳದೇ ದನಿ: "ಸೊಂಟ ಬಿಡಬೇಡಿ. ಬಿಟ್ರೆ ಸತ್ತೇ ಹೋಗ್ತೀನಿ."

ಇಷ್ಟು ವರ್ಷದ ಸಂಸಾರದಲ್ಲಿ ತನಗೆ ಒಮ್ಮೆಯೂ ಹೇಳದ ಮಾತು. ಮೇಷ್ಟ್ರು ಮುಳ್ಳುಬೇಲಿ ಸೀಳಿಕೊಂಡು ನುಗ್ಗಿದರು. ಆಚೆ ನೆಲವೇ ಇರಲಿಲ್ಲ; ಈಜುಕೊಳವಿತ್ತು.

ಬೇಕಾದಷ್ಟು ನೀರು ಕುಡಿದಾದ ಮೇಲೆ ಯಾರೋ ಕಾಲರ್ ಹಿಡಿದು ಎಳೆದರು. ಚಿಲೇಶೆ. ಗಾಬರಿಯಲ್ಲಿ ಅವಳಿಗೆ ಸೊಂಟ ಹಿಡಿಯುವವರ ನೆನಪೇ ಆಗಿರಲಿಲ್ಲ. ದಂಡೆಯ ಮೇಲೆ ಕಣ್ಣು ಬಿಟ್ಟರೆ, ಸೊಂಟ ಹಿಡಿದಿದ್ದ ಆಸಾಮಿ ಪಕ್ಕದಲ್ಲೇ ಬಟ್ಟೆ ಹಿಂಡುತ್ತ ನಿಂತಿತ್ತು. ಬಂಗ್ವೆಉಲು ಸರೋವರದ ಬೆಸ್ತರ ಮನೆಯಲ್ಲಿ ಹುಟ್ಟಿ, ನಡೆಯುವ ಮೊದಲೇ ಈಜಿದ, ಮೇಷ್ಟ್ರ ಸ್ವಂತ ತಾಯಿ.

"ಅವ್ವಾ, ನೀನಾ?"

"ಮತ್ಯಾರು ಅಂದ್ಕೊಂಡಿದ್ದೆ?"

ಮೇಷ್ಟ್ರು ಕೆಮ್ಮಿದರು. ಕೆಮ್ಮು ಬೇಕಾದ್ದಕ್ಕಿಂತ ಉದ್ದವಾಯಿತು. ಚಿಲೇಶೆಗೆ ಎಲ್ಲ ಅರ್ಥವಾಯಿತು.

"ನಿಮ್ಮ ಮರ್ಯಾದೆ ಉಳೀಲಿ ಅಂತ ಕದ್ದು ಕಲೀತಿದ್ದೆ," ಎಂದಳು ಮೆಲ್ಲಗೆ. "ಸಮುದ್ರಕ್ಕೆ ಹೋದಾಗ, ಇವರೇ ಕಲಿಸಿದ್ದು ಅಂತ ಹೇಳೋಳಿದ್ದೆ."

ತಾಯಿ ಮಗನ ಬೆನ್ನಿಗೆ ಗುದ್ದಿ ಉಳಿದ ನೀರನ್ನೂ ಕಕ್ಕಿಸಿದರು.

"ನಂಗೂ ಒಂದು ಟಿಕೆಟ್ ಮಾಡಿಸು ಮಗಾ. ಇವಳೊಬ್ಬಳೇ ನಿನ್ನ ಎಷ್ಟು ಸಲ ಅಂತ ಮೇಲೆತ್ತುತ್ತಾಳೆ? ಬೇರೆ ರೂಮು ಬೇಡ. ನಿಮ್ಮಿಬ್ಬರ ಮಧ್ಯೆ ಮಲಗ್ತೀನಿ."