ಹಿಮಸೀಮೆಯಲ್ಲಿ ಚಿಕ್ಕಮರೀಗೌಡನ ತೃಣವಿಜಯ

ಎಲೈ ಕೇಳುಗರಿರಾ, ಕಾಲು ಚಾಚಿದ್ದರೆ ಮಡಚಿಕೊಳ್ಳಿ, ಕೈಯಲ್ಲಿ ಫೋನಿದ್ದರೆ ಆಚೆಗಿಡಿ. ಕಲಿಯುಗದ ಪ್ರಥಮಪಾದದಲ್ಲಿ, ಏಳು ಸಾಗರಗಳಾಚೆಯ ಕೆನಡಾ ಎಂಬ ಹಿಮಖಂಡದಲ್ಲಿ, ಅರ್ಧ ವರ್ಷ ಧವಳಕಂಬಳಾಚ್ಛಾದಿತವಾಗಿಯೂ ಮಿಕ್ಕರ್ಧ ಮಶಕಸೇನಾಕ್ರಾಂತವಾಗಿಯೂ ಶೋಭಿಸುವ ಸಸ್ಕ್ಯಾಚೆವಾನ್ ಸೀಮೆಯ ಒಂದು ಅಡ್ಡಬೀದಿಯಲ್ಲಿ, ಸಿಟಿಬಸ್ಸಾರಥಿಕುಲತಿಲಕನೂ ರಾಗಿಮುದ್ದೆಭಂಜನನೂ ಶೀತಮಾರುತಸಹಿಷ್ಣುವೂ ಆದ ಮಂಡ್ಯದ ಚಿಕ್ಕಮರೀಗೌಡನು ಮನೆಮುಂದೆ ಹುಲ್ಲು ಬೆಳೆಸಲು ಹೊರಟ ಮಹಾಕಥನವನ್ನು ಹೇಳುತ್ತೇನೆ. ಹುಲ್ಲು ತಾನೇ ಎಂದು ಮೂಗು ಮುರಿಯುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ.

ಮಹಾಯುದ್ಧಗಳಿಗೆಲ್ಲ ಒಂದು ಮಾತೇ ಮೂಲವಷ್ಟೆ. ಗೌಡನ ಎದೆಯಲ್ಲಿ ನೆಟ್ಟಿದ್ದ ಮಾತು ಅವನ ಅಣ್ಣ ದೊಡ್ಡಮರೀಗೌಡನದು. ಹುಡುಗುಪ್ರಾಯದಲ್ಲಿ ತಮ್ಮ ಹಾಕಿದ ರಾಗಿ ಪೈರು ಒಣಗಿ ನಿಂತಾಗ, ಗದ್ದೆಬದುವಿನ ಮೇಲೆ ಊರ ಜನರೆದುರು ಅಣ್ಣ ಹೇಳಿದ್ದ: “ನಿನ್ ಕೈಲಿ ಹುಲ್ಲೂ ಹುಟ್ಟಕಿಲ್ಲ ಕಣ್ಲಾ ಮರಿ. ಹೋಗು, ಬಸ್ ಓಡ್ಸು.” ಗೌಡ ಹೋದ, ಬಸ್ಸನ್ನೂ ಓಡಿಸಿದ. ತಲೆ ನರೆತರೂ ಆ ಮಾತಿನ ಗಾಯ ಮಾತ್ರ ಮಾಯಲಿಲ್ಲ.

ಈಗ ಆ ಅಡ್ಡಬೀದಿಯಲ್ಲೊಂದು ಪದ್ಧತಿಯಿತ್ತು. ಪ್ರತಿ ಬೇಸಗೆಯಲ್ಲೂ ನಿವಾಸಿಗಳ ಸಂಘದ ಮೂವರು ಅಜ್ಜಿಯರು ಬೀದಿಯುದ್ದಕ್ಕೂ ನಡೆದು, ಅತಿ ಸೊಗಸಾದ ಲಾನಿನಲ್ಲಿ ಮಣೆಯಷ್ಟಗಲದ ಹಸಿರು ಫಲಕವೊಂದನ್ನು ನೆಟ್ಟು ಹೋಗುವರು. ಆ ಫಲಕದ ಪಕ್ಕ ನಿಂತು ಅಣ್ಣನಿಗೆ ವೀಡಿಯೋ ಕಾಲ್ ಮಾಡಬೇಕು. ಗೌಡನಿಗೆ ಬೇಕಾಗಿದ್ದದ್ದು ಅಷ್ಟೇ.

ಹೀಗಿರಲು ಯುಗಾದಿ ಬಂತು. ಕೇಳುಗರಿರಾ, ನಮ್ಮಲ್ಲಿ ಮಾವು ಚಿಗುರಿ ಕೋಗಿಲೆ ಕೂಗುವ ಆ ಪುಣ್ಯದಿನ ಅಲ್ಲಿ ಮೊಣಕಾಲುದ್ದ ಹಿಮ! ಆದರೆ ಮಂಡ್ಯದ ರಕ್ತ ಕೇಳೀತೇ? ಯುಗಾದಿಯಂದು ನೇಗಿಲು ಪೂಜಿಸಿ ವರ್ಷದ ಮೊದಲ ಉಳುಮೆ ಹೂಡುವ ಹೊನ್ನಾರನ್ನು ತಪ್ಪಿಸಿದ ಮನೆಗೆ ಬೆಳೆ ಎಲ್ಲಿಯದು? ಆದ್ದರಿಂದ ಆ ಧೀರನು ಉಣ್ಣೆಟೋಪಿಕಿರೀಟಿಯಾಗಿ, ದ್ವಿಗುಣಕಾಲುಚೀಲಕವಚಿಯಾಗಿ ಹೊರಬಂದು, ಹುಲ್ಲು ಕತ್ತರಿಸುವ ಮೋವರಿಗೆ ಅರಿಶಿನಕುಂಕುಮವಿಟ್ಟು, ಅದರ ಚಕ್ರದಡಿ ನಿಂಬೆಹಣ್ಣು ಇಟ್ಟು, ಸಲಿಕೆಯೆಂಬ ಗದೆಯಿಂದ ಹಿಮರಾಶಿಯನ್ನು ಎಡಕ್ಕೂ ಬಲಕ್ಕೂ ಚೆಲ್ಲಾಡಿ, ಕಲ್ಲಿನಂತೆ ಹೆಪ್ಪುಗಟ್ಟಿದ್ದ ನೆಲವನ್ನು ಹಲ್ಲುಕುಂಟೆಯಿಂದ ಕೆರೆಯತೊಡಗಿದನು. ನೆಲ ಟಣ್ ಎಂದಿತು, ಕುಂಟೆಯ ಹಲ್ಲೊಂದು ಮುರಿದು ಹಾರಿತು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಡುಗುತ್ತಿದ್ದ ಹೆಂಡತಿ ತಾಯಮ್ಮ, “ಅಲ್ಲ ಕಣ್ರೀ, ದೇವ್ರೂ ಇನ್ನೂ ರಗ್ಗು ಹೊದ್ಕೊಂಡು ಮಲಗವ್ನೆ, ನಿಮ್ದೇನ್ರೀ?” ಎಂದಳು.

ಪಕ್ಕದ ಮನೆಯ ಗುರುಪಾದಪ್ಪ ಹಿಪ್ಪರಗಿ ಚಹಾದ ಲೋಟ ಹಿಡಿದು ಹೊರಬಂದ. ವಿಜಾಪುರದ ಕಡೆಯ ಮನುಷ್ಯ, ಬೇಕರಿಯಲ್ಲಿ ಕೆಲಸ. ಆ ಬೀದಿಯಲ್ಲಿ ಕನ್ನಡ ಬಲ್ಲ ಮನೆಗಳೆಂದರೆ ಇವೆರಡೇ. ನಡುವೆ ಬೇಲಿಯಿಲ್ಲ, ಗಡಿಗೆ ಒಂದು ಸಾಲು ಕಲ್ಲು. ಗೌಡನ ಅಂಗಳ ಒಂದು ಗೇಣು ಮೇಲೆ, ಗುರುಪಾದಪ್ಪನದು ಒಂದು ಗೇಣು ಕೆಳಗೆ. ಈ ಗೇಣನ್ನು ನೆನಪಿಟ್ಟುಕೊಳ್ಳಿ.

“ಗೌಡ್ರ, ನೆಲ ಇನ್ನೂ ಎದ್ದಿಲ್ರಿ,” ಎಂದ ಗುರುಪಾದಪ್ಪ. “ಹಿಮ ಕರಗಿ, ಮಣ್ಣು ಆರಿ, ಕಾಲಿಟ್ಟರ ಹೆಜ್ಜಿ ಮೂಡಬಾರದು, ಅಲ್ಲೀತನಕಾ ಲಾನಿನ ಮ್ಯಾಲೆ ಅಡ್ಡ್ಯಾಡಬಾರದು ಅಂತಾರ. ಮೇ ತಿಂಗಳ ಬರಲಿ, ಸುಮ್ನ ಕೂಡ್ರಿ.”

ಅದಕ್ಕೆ ಗೌಡ ಕೊಟ್ಟ ಉತ್ತರ ಮಂಡ್ಯದ ಮಾತಿನಲ್ಲಿತ್ತು, ಅಲ್ಲಲ್ಲಿ ಬಾಯಿಗೆ ಬಂದದ್ದೂ ಇತ್ತು. ಕಾವ್ಯಕ್ಕೆ ತಕ್ಕಂತೆ ತಿದ್ದಿ ಹೇಳುತ್ತೇನೆ: “ಎಲವೋ ಅಡುಗೆಒಲೆಸನ್ನಿಧಿವಾಸಿಯೇ! ಜೋಳದರೊಟ್ಟಿತಾಡನನಿಪುಣನೇ! ಕಾವೇರೀಜಲಪಾನಪುಷ್ಟನಾದ ನನಗೆ ನೆಲದ ಪಾಠವೇ? ಇಗೋ ಕೇಳು. ಈ ಬೇಸಗೆಯಲ್ಲಿ ಆ ಹಸಿರು ಫಲಕವು ಈ ಕೈ ಬಿತ್ತಿದ ಹುಲ್ಲಿನಲ್ಲಿಯೇ ನಿಲ್ಲತಕ್ಕದ್ದು. ನಿಲ್ಲದಿದ್ದಲ್ಲಿ, ಅದು ಯಾರ ಅಂಗಳದಲ್ಲಿ ನಿಲ್ಲುವುದೋ ಅವರ ಹುಲ್ಲನ್ನು ಹಿಮ ಬೀಳುವವರೆಗೂ ನಾನೇ ಕತ್ತರಿಸಿಕೊಡುವೆನು. ಇದು ಮರೀಗೌಡವಂಶದ ಆಣೆ!”

ಗುರುಪಾದಪ್ಪನ ಉತ್ತರದಲ್ಲಿ ತಿದ್ದಲು ಜಾಗವಿರಲಿಲ್ಲ. “ಆತಲ್ರಿ,” ಎಂದು ಚಹಾ ಹೀರಿದ.

ಆಮೇಲೆ ಗೌಡ ಬಿತ್ತಿದ. ದುಬಾರಿ ಹುಲ್ಲುಬೀಜವನ್ನು ಬುಟ್ಟಿಗೆ ಸುರಿದು, ಅಪ್ಪನ ಕಾಲದ ಪದ್ಧತಿಯಂತೆ ಶುಭಕ್ಕೆಂದು ಒಂದು ಹಿಡಿ ರಾಗಿ, ಅವರೆ, ಕಡಲೆ ಬೆರೆಸಿ, ಪೂರ್ವಾಭಿಮುಖನಾಗಿ ಎರಚಿದ. ಮೇಲೆ ಗೊಬ್ಬರವನ್ನೂ ಕೊಡುಗೈಯಿಂದ ಚೆಲ್ಲಿದ. ಬೀಜ ಕೂರಲು ನೆಲ ಬಿಟ್ಟರೆ ತಾನೇ! ಮಂಜುಗಡ್ಡೆಯ ಮೇಲೆ ಸುಮ್ಮನೆ ಮಲಗಿದವು.

ಮುಂದೆ ನಡೆದದ್ದನ್ನು ಯಾರೂ ನೋಡಲಿಲ್ಲ, ಕಥೆ ಹೇಳುವ ನನಗೆ ಮಾತ್ರ ಗೊತ್ತು. ಏಪ್ರಿಲಿನ ಬಿಸಿಲು ಬಿತ್ತು. ಗೌಡ ಚೆಲ್ಲಾಡಿದ್ದ ಹಿಮವೆಲ್ಲ ಕರಗಿ, ಸಹಸ್ರಧಾರೆಯಾಗಿ, ಒಳಗೆ ಇಂಗಲು ದಾರಿಯಿಲ್ಲದೆ, ಬೀಜವನ್ನೂ ಗೊಬ್ಬರವನ್ನೂ ಹೊತ್ತುಕೊಂಡು, ಆ ಒಂದು ಗೇಣು ಇಳಿಜಾರಿನಲ್ಲಿ ಕಲ್ಲುಗಳ ಸಂದಿಯಿಂದ ನುಸುಳಿ, ಗುರುಪಾದಪ್ಪನ ಅಂಗಳಕ್ಕೆ ಹೋಗಿ ನಿಂತಿತು.

ಗೌಡನೋ, ಮೊಳಕೆ ಬಂತೇ ಎಂದು ಬಸ್ ಡ್ಯೂಟಿಗೆ ಮುಂಚೆಯೂ ಆಮೇಲೆಯೂ ಕೆಸರುನೆಲದ ಮೇಲೆ ಬೂಟುಕಾಲಲ್ಲಿ ಓಡಾಡಿ ಅದನ್ನು ರಸ್ತೆಯಂತೆ ಗಟ್ಟಿ ಮಾಡಿದ. ಮೇ ಕಳೆಯಿತು. ಹಳೆಯ ಹುಲ್ಲಿಗೆ ಹಿಮದಡಿಯ ಬೂಷ್ಟು ಹಿಡಿದು ಬೂದಿಯಾಯಿತು, ಹೊಸದು ಹುಟ್ಟಲಿಲ್ಲ. ಪಕ್ಕದಲ್ಲಿ ಗುರುಪಾದಪ್ಪ ಮಣ್ಣು ಆರುವವರೆಗೂ ಮನೆಯಿಂದ ಇಳಿಯಲಿಲ್ಲ. ಇಳಿದಾಗ ಬ್ಲೇಡನ್ನು ಎತ್ತರಕ್ಕಿಟ್ಟು ಬರೀ ತುದಿ ಕತ್ತರಿಸಿದ, ವಾರಕ್ಕೊಮ್ಮೆ ತುಂಬ ನೀರು ಕೊಟ್ಟ. ಅವನ ಲಾನು ದಟ್ಟವಾಗಿ, ನುಣ್ಣಗೆ, ಕಂಡವರ ಕೈ ಸವರಲು ತುರಿಸುವಂತೆ ಎದ್ದಿತು. ಏಕೆಂದು ಅವನಿಗೂ ತಿಳಿಯಲಿಲ್ಲ.

ಜುಲೈನಲ್ಲಿ ಅಜ್ಜಿಯರು ಬಂದರು. ಗೌಡನ ಅಂಗಳದೆದುರು ನಿಂತು “ಅಯ್ಯೋ ಪಾಪ” ಎಂಬಂತೆ ಏನೋ ಅಂದರು. ಫಲಕವನ್ನು ಗುರುಪಾದಪ್ಪನ ಹುಲ್ಲಿನಲ್ಲಿ ನೆಟ್ಟು, ಅವನ ಕೈ ಕುಲುಕಿ ಹೋದರು. ಗೌಡನಿಗೆ ಅಳು ಬಂತು. ಇದರಲ್ಲಿ ಅಲಂಕಾರವೇನೂ ಇಲ್ಲ, ನಿಜವಾಗಿಯೇ ಬಂತು. ಕಣ್ಣಿಗೆ ಸೊಳ್ಳೆ ಬಿತ್ತೆಂದ. ತಾಯಮ್ಮ ನಂಬಿದಂತೆ ಮಾಡಿ ಸೆರಗಿನ ತುದಿ ಕೊಟ್ಟಳು.

ಆದರೂ ಆಣೆ ಆಣೆಯೇ. ಅಂದು ಸಂಜೆ, ಇನ್ನೂ ಇಳಿಯದ ಆ ಉತ್ತರಸೀಮೆಯ ಬಿಸಿಲಿನಲ್ಲಿ, ಕುಂಕುಮ ಮಾಸದ ಮೋವರನ್ನು ತಳ್ಳಿಕೊಂಡು ಮಹಾರಥಿಯು ವೈರಿಯ ಅಂಗಳವನ್ನು ಹೊಕ್ಕನು. ಗಡಿಗಲ್ಲಿನ ಬುಡದಲ್ಲಿ, ಬ್ಲೇಡು ತಾಗದ ಮೂಲೆಯಲ್ಲಿ, ಏನೋ ಕಂಡು ಮೋವರ್ ನಿಲ್ಲಿಸಿದ. ಬಗ್ಗಿದ. ಸಣ್ಣ ಸಣ್ಣ ಎಲೆ, ಎಲೆಯಂಚಿಗೆ ಹಲ್ಲು, ಮೈಯೆಲ್ಲ ರೋಮ.

“ಗುರುಪಾದಪ್ಪೋರೇ! ಬನ್ನಿ ಇಲ್ಲಿ! ಇದೇನು ಹೇಳಿ ನೋಡವಾ?”

ಗುರುಪಾದಪ್ಪ ಬಂದು ಕುಕ್ಕರುಗಾಲಲ್ಲಿ ಕೂತು ಎಲೆ ಕಿತ್ತು ಬಾಯಿಗಿಟ್ಟ. ಹುಳಿ ತಾಗಿದ್ದೇ ಅವನ ಮುಖ ಎಳೆಹುಡುಗನ ಮುಖವಾಯಿತು. “ಕಡ್ಲಿ ಗಿಡರೀ! ಹೊಲದಾಗ ನಿಂತಂಗಾತು ನೋಡ್ರಿ. ಇಲ್ಲಿ ಯಾರು ಬಿತ್ತಿದ್ರು ಇದನ್ನ?”

“ನಾನು ಕಣ್ರೀ! ಹೊನ್ನಾರಿನ ದಿನ! ಕಡ್ಲೆ ಎಲ್ಲಿಗೆ ಬಂತೋ ಹುಲ್ಲೂ ಅಲ್ಲಿಗೇ ಬಂದದೆ. ಇದು ನನ್ ಹುಲ್ಲು! ನಮ್ಮಣ್ಣಂಗೆ ತೋರುಸ್ಬೇಕು ಕಣ್ರೀ!”

ಗುರುಪಾದಪ್ಪ ಮೇಲಿನ ಬೋಳುನೆಲವನ್ನು ನೋಡಿದ, ಕಲ್ಲಿನ ಸಂದಿ ನೋಡಿದ, ಸಂದಿಯಿಂದ ನಾಲಗೆಯಂತೆ ಇಳಿದಿದ್ದ ಹಸಿರನ್ನು ನೋಡಿದ. ಇಂಥ ಕಡೆ ಸುಳ್ಳು ಹೇಳುವ ಜಾತಿಯವನಲ್ಲ. “ಖರೇ ಅದರೀ ಗೌಡ್ರ. ಕೈಗುಣ ನಿಮ್ದು, ನೆಲ ನಂದು. ಅಂದ್ರ ಫಲಕ ನೀವು ಬಿತ್ತಿದ ಹುಲ್ಲಿನಾಗ ನಿಂತೈತಿ. ಗೆದ್ರಿ ತಗೋರಿ! ನಿಮ್ಮ ಅಣ್ಣಾವ್ರಿಗೆ ಹಚ್ಚರಿ ಫೋನು, ನಾ ಹಿಡೀತೀನಿ.”

ಭೂಮಿಯ ಆ ಮಗ್ಗುಲಲ್ಲಿ ಆಗಷ್ಟೇ ಬೆಳಗಾಗಿತ್ತು. ಫೋನಿನಲ್ಲಿ ಕೊಟ್ಟಿಗೆ ಕಂಡಿತು, ಹಾಲಿನ ಪಾತ್ರೆ ಹಿಡಿದ ದೊಡ್ಡಮರೀಗೌಡ ಕಂಡ, ಅವನ ಹಿಂದೆ ಎರಡು ಎಮ್ಮೆ ಕಂಡವು. ಚಿಕ್ಕಮರೀಗೌಡ ಫಲಕದ ಪಕ್ಕ ಎದೆಯುಬ್ಬಿಸಿ ನಿಂತ. ಬಾಯಿಪಾಠ ಮಾಡಿದ್ದ ವೀರವಾಕ್ಯವೆಲ್ಲ ಮರೆತುಹೋಯಿತು. “ಅಣ್ಣ... ನಾನೇ ಬಿತ್ತಿದ್ದು,” ಎಂದ ಅಷ್ಟೇ.

ಅಣ್ಣ ಕಣ್ಣು ಕಿರಿದು ಮಾಡಿ ನೋಡಿದ. “ಆಹಾ! ಏನ್ ಹುಲ್ಲು ಬಂದದ್ಲಾ ಮರಿ! ಅವತ್ತು ನಾನು ಅಂದಿದ್ದು ತಪ್ಪಾಯ್ತು ಕಣ್ಲಾ.”

ಕೇಳಿದಿರಾ! ಆಕಾಶದಿಂದ ಪುಷ್ಪವೃಷ್ಟಿ ಆಗಬೇಕಿದ್ದದ್ದು ಆ ಗಳಿಗೆಯಲ್ಲೇ. ತಾಯಮ್ಮ ಬಾಗಿಲಲ್ಲಿ ನಿಂತು ಮತ್ತೆ ಸೆರಗಿನ ತುದಿ ಹಿಡಿದಳು, ಈ ಸಲ ತನ್ನ ಕಣ್ಣಿಗೆ.

“ಎಷ್ಟು ದನ ಕಟ್ಟಿದ್ದೀಯ?” ಎಂದ ಅಣ್ಣ.

“ದನ ಇಲ್ಲಣ್ಣ.”

“ಎಮ್ಮೆ?”

“ಒಂದೂ ಇಲ್ಲ.”

“ಮತ್ತೆ ಕುಯ್ದಿದ್ ಹುಲ್ಲು ಏನ್ ಮಾಡೀಯೆ?”

“ಚೀಲಕ್ ತುಂಬಿ ರಸ್ತೆಬದೀಲಿ ಮಡಗ್ತೀನಿ. ಕಸದ ಲಾರಿ ಬಂದು ತಕ್ಕೊಂಡ್ ಹೋಯ್ತದೆ.”

ಅಣ್ಣ ಹಾಲಿನ ಪಾತ್ರೆಯನ್ನು ಕೆಳಗಿಟ್ಟ. ಎಮ್ಮೆಯೊಂದು ಫೋನಿನತ್ತ ಕತ್ತು ಚಾಚಿ, ಆ ಹಸಿರನ್ನೇ ನೋಡುತ್ತ ನಿಂತಿತ್ತು.

“ಊಟ ಆಯ್ತಾ?” ಎಂದ ಅಣ್ಣ.