ಪ್ಯಾನೆಲ್ಲಿಗೆ ಮೆತ್ತಿದ ಕುಂಕುಮ

ಒಂದು ಕೈಕೊಟ್ಟರೆ ಇನ್ನೊಂದು ಇರಬೇಕು ಎಂಬುದು ನನ್ನ ಕಸುಬಿನ ಮೂಲಮಂತ್ರ. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ನಾನು ಟೆಕ್ನಿಷಿಯನ್. ಬಾಯ್ಲರಿನ ಶಾಖ, ಒತ್ತಡಗಳ ಸಿಗ್ನಲ್ ಹಿಡಿದು, ತಿದ್ದಿ ತೀಡಿ ಕಂಟ್ರೋಲ್ ರೂಮಿಗೆ ಕಳಿಸುವ ಪುಟ್ಟ ಪೆಟ್ಟಿಗೆಗಳ ಪ್ಯಾನೆಲ್ ನನ್ನ ಸುಪರ್ದಿಯಲ್ಲಿದೆ. ಅದಕ್ಕೆ ಕರೆಂಟು ಕೊಡಲು ಎರಡು ಪವರ್ ಸಪ್ಲೈ. ಒಂದು ಸತ್ತರೆ ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತದೆ, ಇನ್ನೊಂದು ಭಾರ ಹೊರುತ್ತದೆ. ಎಂಥ ವ್ಯವಸ್ಥೆ!

ನನ್ನ ಬಾಡಿಗೆ ಮನೆಯಲ್ಲೂ ಎಲ್ಲ ಎರಡೆರಡು. ಎರಡು ತಟ್ಟೆ, ಎರಡು ಕುರ್ಚಿ, ಎರಡು ದಿಂಬು. ಮನುಷ್ಯ ಮಾತ್ರ ಒಬ್ಬ. ಹೆಂಡತಿ ಮಂಗಳಾ ಬನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್, ಅಲ್ಲೇ ವಾಸ. ದಿನಾ ಸಂಜೆ ಫೋನ್ ಮಾಡಿ "ಎಂಗಿದ್ದೀರಿ?" ಎನ್ನುತ್ತಾಳೆ. ನಾನು ಎದುರಿನ ಖಾಲಿ ಕುರ್ಚಿ ನೋಡುತ್ತಾ "ಫಸ್ಟ್ ಕ್ಲಾಸ್!" ಎನ್ನುತ್ತೇನೆ.

"ಅಂಗಾದ್ರೆ ನಂಜನಗೂಡಿಗೆ ವರ್ಗ ಮುಂದಿನ ವರ್ಷ ಕೇಳಿದ್ರಾಯ್ತು ಬುಡಿ" ಎಂದು ಫೋನ್ ಇಡುತ್ತಾಳೆ.

ಈ ಸಲದ ಆಯುಧಪೂಜೆಗೆ ಕಾರ್ಖಾನೆಯವರು ಮನೆಮಂದಿಯನ್ನೂ ಕರೆದರು. ನನ್ನ ಘನತೆಯನ್ನು ಕಣ್ಣಾರೆ ಕಂಡರೆ ಮಂಗಳಾ ಈ ವರ್ಷವೇ ವರ್ಗ ಕೇಳಿಯಾಳು ಎಂಬ ಆಸೆ ನನಗೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳನ್ನು ನೇರ ಪ್ಯಾನೆಲ್ ಮುಂದೆ ನಿಲ್ಲಿಸಿದೆ. ಹಬ್ಬವಾದರೂ ಬಾಯ್ಲರ್ ಓಡುತ್ತಿತ್ತು.

"ನೋಡು, ಎರಡು ಸಪ್ಲೈ ಇದೆ. ಇದೊಂದನ್ನ ಆಫ್ ಮಾಡಿದ್ರೂ ಏನೂ ಆಗಲ್ಲ!"

"ನಡೀತಿರೋದನ್ನ ಯಾಕ್ರೀ ಮುಟ್ತೀರಿ?"

"ನಿಂಗೆ ಗೊತ್ತಾಗಲ್ಲ ಕಣೇ" ಎಂದು ಸ್ವಿಚ್ ಒತ್ತಿಯೇಬಿಟ್ಟೆ.

ಪ್ಯಾನೆಲ್ ಪೂರ್ತಿ ಕಣ್ಣು ಮುಚ್ಚಿತು. ಸಿಗ್ನಲ್ ಸಿಗದೆ ಆಚೆ ಬಾಯ್ಲರ್ ಉಸ್ಸೆಂದು ನಿಂತಿತು. ಬಾಯ್ಲರ್ ನೋಡಿಕೊಳ್ಳುವ ಮಾದೇವಣ್ಣ ಬಾಯಲ್ಲಿ ಕಡ್ಲೆಪುರಿ ಸಮೇತ ಓಡಿಬಂದ. "ಸಾ, ಏನ್ ಮಾಡ್ಬುಟ್ರಿ ಸಾ!" ಅವನ ಹಿಂದೆ ತೆಂಗಿನಕಾಯಿ ಹೋಳು ಹಿಡಿದ ಮ್ಯಾನೇಜರ್. ಅವರು ಆಡಿದ ಮಾತುಗಳನ್ನು ಹಬ್ಬದ ದಿನ ಬರೆಯಬಾರದು.

ಸ್ವಿಚ್ ಮತ್ತೆ ಹಾಕಿದೆ. ಪೆಟ್ಟಿಗೆಗಳೆಲ್ಲ ಎಚ್ಚರವಾದವು. ಅಷ್ಟರಲ್ಲಿ ಮಂಗಳಾ ಬಾಗಿಲ ಮೇಲಿನ ಕುಂಕುಮದ ಗಟ್ಟಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ರೀ, ಇದ್ರೊಳಗೇನೋ ಉರೀತದೆ!"

ಕೆಂಪು ದೀಪ! ಕಳೆದ ವರ್ಷದ ಪೂಜೆಯಲ್ಲಿ ಭಕ್ತಿ ಉಕ್ಕಿ, ಗಂಧ ಕಲಸಿದ ಕುಂಕುಮವನ್ನು ಗುಂಡಗೆ ಕಂಡದ್ದಕ್ಕೆಲ್ಲ ಮೆತ್ತಿದ್ದೆ. ಪೂಜೆಯ ಕುಂಕುಮ ಒರೆಸಬಾರದೆಂದು ಹಾಗೇ ಬಿಟ್ಟಿದ್ದೆ. ಒಂದು ಸಪ್ಲೈ ಯಾವಾಗ ಸತ್ತಿತೋ ಆ ದೇವರಿಗೇ ಗೊತ್ತು; ನಾನು ಆರಿಸಿದ್ದು ಉಳಿದ ಒಂದನ್ನೇ ಎಂದು ಅವಳಿಗೆ ಹೇಳಿದೆ.

"ಪಾಪ, ಒಂದೇ ಎಳೀತಿತ್ತಾ? ಯಾರ್ಗೂ ಯೋಳ್ದೆ?"

"ದೀಪ ಹೇಳ್ತಾನೇ ಇತ್ತು. ನಾನೇ ಮುಚ್ಚಿದ್ದೆ."

ಅವಳು ನನ್ನ ಮುಖ ನೋಡಿದಳು, ಸೊರಗಿದ ಸೊಂಟಕ್ಕೆ ಹೊಸ ತೂತು ಕೊರೆದ ಬೆಲ್ಟ್ ನೋಡಿದಳು. "ನೀವೆಂಗಿದ್ದೀರಿ? ನಿಜ ಯೋಳಿ."

ಫಸ್ಟ್ ಕ್ಲಾಸ್ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆಯೇ. "ಒಬ್ನೇ ಇರೋಕೆ ಆಗ್ತಿಲ್ಲ ಕಣೇ."

"ಇಷ್ಟು ಯೋಳಕ್ಕೆ ಬಾಯ್ಲರ್ ನಿಲ್ಲಿಸ್ಬೇಕಿತ್ತಾ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆಯ ಬಸ್ಸಿಗೆ ಹೊರಟುಹೋದಳು. ವರ್ಗ ಕೇಳಿದ್ದಾಳೆ, ಇನ್ನೂ ಸಿಕ್ಕಿಲ್ಲ. ಈಗ ಫೋನಿನಲ್ಲಿ ನಿಜವನ್ನೇ ಹೇಳುತ್ತೇನೆ: ಅನ್ನ ಸೀದಿದೆ, ಕುರ್ಚಿ ಖಾಲಿ ಇದೆ, ನೀನಿಲ್ಲದೆ ಬೇಜಾರು. ಒಂದನ್ನು ಮಾತ್ರ ಹೇಳಿಲ್ಲ. ನಾನು ಹತ್ತಿರ ಬಂದರೆ ಸಾಕು, ಮಾದೇವಣ್ಣ ಸ್ವಿಚ್ಚಿಗೆ ಅಡ್ಡ ನಿಲ್ಲುತ್ತಾನೆ!